ಕೂದಲು ಬರುವ ತನಕ

ಕೂದಲು ನಾಟಿ ಮಾಡಿಸಬೇಕೆಂದವರು ನಮ್ಮ ಕಡೆ ಮೊದಲು ನನಗೇ ಫೋನ್ ಹಚ್ಚುತ್ತಾರೆ. ನವಲಗುಂದದವರು ಹಚ್ಚುತ್ತಾರೆ, ಅಣ್ಣಿಗೇರಿಯವರು ಹಚ್ಚುತ್ತಾರೆ. ಕಲಘಟಗಿ ಕಡೆಯ ಒಬ್ಬ ಮಾಸ್ತರರು ಹೆಂಡತಿಯ ಕಿವಿಗೆ ಬೀಳಬಾರದೆಂದು ಹಿತ್ತಲಿಗೆ ಹೋಗಿ ಹಚ್ಚಿದ್ದರು. ಅವರ ಮಾತಿನ ನಡುವೆ ಕೋಳಿ ಕೂಗುವುದು ಕೇಳಿಸುತ್ತಿತ್ತು. ನಾನು ಯಾರಿಗೂ ಗೊತ್ತಿಲ್ಲ ಅನ್ನುವುದಿಲ್ಲ. ತಂಬಾಕು ಮೊದಲು ಬಿಡಿ, ಬಿಡದೆ ಹೋದರೆ ನೆಟ್ಟದ್ದು ಹಿಡಿಯುವುದಿಲ್ಲ. ಮೈಕೈ ನೋವಿಗೆ ಗುಳಿಗೆ ನುಂಗುವ ಚಟವಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಕೆಲವು ಗುಳಿಗೆ ರಕ್ತವನ್ನು ತೆಳ್ಳಗೆ ಮಾಡುತ್ತವೆ. ಆಪರೇಷನ್ ದಿನ ಗುಂಡಿ ಇರುವ ಅಂಗಿಯನ್ನೇ ಹಾಕಿಕೊಂಡು ಹೋಗಿ. ಕೊರಳಿನಿಂದ ಎಳೆದು ತೆಗೆಯುವ ಅಂಗಿಯಾದರೆ ಬರುವಾಗ ನೆಟ್ಟ ಕೂದಲಿಗೆಲ್ಲ ತಾಗುತ್ತದೆ. ಮೊದಲ ಮಾತಿಗೆ ಅವರು ಹೇಳಿದ ರೇಟಿಗೆ ಹೂಂ ಅನ್ನಬೇಡಿ. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಫೋಟೋಗಳನ್ನು ನೋಡುತ್ತ ಕೂತರೆ ಅವರೇ ಇಳಿಯುತ್ತಾರೆ.

ಎಲ್ಲ ಕೇಳಿಕೊಂಡು ಕೊನೆಗೆ, "ನಿಮ್ಮವು ಹೆಂಗ ಬಂದಾವ್ರಿ?" ಎನ್ನುತ್ತಾರೆ.

ನಾನು ಮಾಡಿಸಿಕೊಂಡಿಲ್ಲ ಅಂದರೆ ನಂಬುವುದಿಲ್ಲ. ಮಾಡಿಸಿಕೊಳ್ಳದವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಅವರ ಅನುಮಾನ. ತಯಾರಿ ಅಷ್ಟೂ ಮಾಡಿಕೊಂಡಿದ್ದೆ. ಟೇಬಲ್ ಮೇಲೆ ಮಲಗುವುದೊಂದು ಬಾಕಿ ಉಳಿಯಿತು.

ನನ್ನೂರು ಶಲವಡಿ. ದಂಧೆ ದಲಾಲಿಯದು, ಎತ್ತಿನ ದಲಾಲಿ, ಈಗೀಗ ಹಳೆಯ ಟ್ರ್ಯಾಕ್ಟರಿನದೂ. ಅಪ್ಪ ಬಿಟ್ಟುಹೋದದ್ದು ಒಂದು ಮನೆ, ಅದರಲ್ಲೂ ಒಂದು ಗೋಡೆ ಬಾಜು ಮನೆಯವರದು. ಸಂತೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಲ್ಲುವುದರಿಂದ ಶುರು ಮಾಡಿ, ನೋಡಿ ನೋಡಿ ಕಲಿತೆ. ಹಲ್ಲು ನೋಡುವುದು, ಗೊರಸು ನೋಡುವುದು, ಮೈಮೇಲಿನ ಸುಳಿ ನೋಡುವುದು ಯಾರಾದರೂ ಕಲಿಯುತ್ತಾರೆ. ಮನುಷ್ಯರ ಮಾತು ತೂಗುವುದನ್ನು ಕಲಿತವನಷ್ಟೇ ದಲಾಲಿಯಾಗುತ್ತಾನೆ. ದನದ ಸಂತೆಯಲ್ಲಿ ಮೊದಲ ಮಾತಿಗೆ ಬೆಲೆಯಿಲ್ಲ. ಮಾರುವವನು ಎತ್ತಿನ ಮೂಗುದಾರ ಹಿಡಿದು ಆಚೆ ತಿರುಗಿಸಿ, "ಇರ್ಲಿ ಬಿಡ್ರಿ, ಮುಂದ ನೋಡೋಣು" ಅಂದನೆಂದರೆ ಕೊಡುವುದಿಲ್ಲ ಎಂದಲ್ಲ. ಇನ್ನಷ್ಟು ಏರಿಸಿಕೊಂಡು ಬಾ ಎಂದು. ಕೊಳ್ಳುವವರೆಲ್ಲರಿಗೂ ಇದು ಗೊತ್ತು. ಏರಿಸಿಕೊಂಡು ಬರುತ್ತಾರೆ.

ಮೀಸೆ ಪೂರ್ತಿ ಬಲಿಯುವ ಮೊದಲೇ ನನ್ನ ನೆತ್ತಿ ಖಾಲಿಯಾಯಿತು. ದಂಧೆಗೆ ಅದರಿಂದ ಲಾಭವೇ ಆಯಿತೆನ್ನಿ. ವಯಸ್ಸಾದವನೆಂದು ತಿಳಿದು ಜನ ನಂಬುತ್ತಿದ್ದರು. ತೊಂದರೆಯಾದದ್ದು ಹೆಣ್ಣು ನೋಡಲು ಶುರು ಮಾಡಿದ ಮೇಲೆ. ದಲಾಲಿಗೆ ಹೆಣ್ಣು ಕೊಡುವುದಕ್ಕೆ ಮೊದಲೇ ಹಿಂದೆಮುಂದೆ ನೋಡುತ್ತಾರೆ, ಬಾಯಿಯ ಮೇಲೆ ಬದುಕುವವನೆಂದು. ಗದಗಿನ ಬಾಜು ಒಂದು ಊರಲ್ಲಿ ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಅಡುಗೆಮನೆಯಲ್ಲಿ ಹುಡುಗಿ ತಾಯಿಯನ್ನು ಕೇಳಿದಳು, "ಹುಡುಗನ ಕಾಕಾ ಒಬ್ರ ಬಂದಾರೇನವಾ? ಹುಡುಗ ಎಲ್ಲಿ?" ನನ್ನ ಜೊತೆಗೆ ಬಂದಿದ್ದ ಸಂತೆಯ ದೋಸ್ತ ಕೆಮ್ಮಿದ. ನಾನು ತಟ್ಟೆ ಖಾಲಿ ಮಾಡಿಯೇ ಎದ್ದೆ; ಅರ್ಧಕ್ಕೆ ಬಿಟ್ಟು ಎದ್ದರೆ ಕೇಳಿಸಿತೆಂದು ಗೊತ್ತಾಗುತ್ತಿತ್ತು.

ಆಮೇಲಿನ ವಾರ ಬಿಳಿ ಟೊಪ್ಪಿಗೆ ಕೊಂಡೆ, ನಮ್ಮ ಹಿರಿಯರು ಹಾಕುವಂಥದ್ದು. ಈ ಕಾಲದಲ್ಲಿ ಟೊಪ್ಪಿಗೆ ಹಾಕುವ ಹುಡುಗ ಸಂಸ್ಕಾರವಂತ ಎಂದು ಜನ ಹೊಗಳಿದರು.

ಕುಂದಗೋಳದ ಕಡೆ ಒಂದು ಮನೆಗೆ ಹೆಣ್ಣು ನೋಡಲು ಹೋದದ್ದು ಟೊಪ್ಪಿಗೆ ಹಾಕಿಕೊಂಡೇ. ಅಂಗಳದಲ್ಲಿ ಒಂದು ಜೋಡಿ ಎತ್ತು ಕಟ್ಟಿದ್ದರು. ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಒಂದೇ ಎತ್ತರ, ಒಂದೇ ಬಣ್ಣ. ಬಲಗಡೆಯದರ ಹಣೆಯ ಸುಳಿ ಅಗದಿ ನಡುಮಧ್ಯೆ. ಹುಡುಗಿಯ ಅಪ್ಪ ಬಾಗಿಲಲ್ಲೇ ನಿಂತು ನಾನು ನೋಡುವುದನ್ನು ನೋಡಿದರು. "ಹೆಂಗದಾವ್ರಿ ನಮ್ಮ ಹುಡುಗ್ರು?" ಎಂದರು. ಎತ್ತಿಗೆ ಹುಡುಗರು ಅನ್ನುವವರು. ಕರುವಿದ್ದಾಗಲೇ ತಂದು, ತಮ್ಮ ಕೈಯಿಂದ ಹಿಂಡಿ ತಿನ್ನಿಸಿ ಬೆಳೆಸಿದ್ದರಂತೆ. ಅವರೂ ನಾನೂ ಅಂಗಳದಲ್ಲೇ ನಿಂತು ಎಷ್ಟೋ ಹೊತ್ತು ಮಾತಾಡಿದೆವು. ಒಳಗಿಂದ ಹುಡುಗಿಯೇ ಬಂದು, "ಅಪ್ಪಾ, ಅವ್ರು ಎತ್ತ ನೋಡಾಕ ಬಂದಾರೋ ಏನ್ ನನ್ನೋ?" ಅಂದಳು. ಕೂತವರೆಲ್ಲ ನಕ್ಕರು. ನಾನು ನಗಲಿಲ್ಲ, ನೋಡಿದೆ. ಆ ಹೊತ್ತಿಗೇ ನನ್ನ ಮನಸ್ಸಿನಲ್ಲಿ ಮಾತು ಮುಗಿಯಿತು.

ಆಕೆ ಪಡಸಾಲೆಯಲ್ಲಿ ಹೊಲಿಗೆ ಮಷೀನ್ ಹಾಕಿಕೊಂಡಿದ್ದಳು. ಊರಿನ ಜಂಪರುಗಳೆಲ್ಲ ಆಕೆಯ ಕೈಯಲ್ಲೇ. ಕೊಡುವ ಬಿಡುವ ಮಾತು ಬಂದಾಗ ನಾನು, "ನಮಗ ಏನೂ ಬ್ಯಾಡ್ರಿ" ಅಂದೆ. ಮನಸ್ಸಿನಿಂದಲೇ ಅಂದೆ. ಬೇಸಿಗೆಯಲ್ಲಿ ಮದುವೆ ಎಂದು ಮಾತು ಪಕ್ಕಾ ಆಯಿತು, ಸಕ್ಕರೆ ಹಂಚಿದರು. ಹುಡುಗಿಯ ಅಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ ಬಸ್ಸಿನ ತನಕ ಬಂದು, "ಅಳಿಯಂದ್ರ, ಊರು ಮುಟ್ಟಿದ ಮ್ಯಾಲ ಒಂದ್ ಫೋನ್ ಹಚ್ರಿ" ಎಂದರು. ಜೀವನದಲ್ಲಿ ನಾನು ಊರು ಮುಟ್ಟಿದೆನೋ ಇಲ್ಲವೋ ಎಂದು ಕೇಳಿದವರು ಅವ್ವನನ್ನು ಬಿಟ್ಟರೆ ಅವರೇ ಮೊದಲು.

ದಿನಾ ಸಂಜೆ ಆಕೆಗೆ ಫೋನ್ ಮಾಡುತ್ತಿದ್ದೆ. ದೊಡ್ಡ ಮಾತೇನಿಲ್ಲ. "ಊಟ ಆತೇನು?" "ಆತ್ರಿ. ನಿಮ್ದು?" "ನಂದೂ ಆತು." ಆಮೇಲೆ ಯಾವ ಸಂತೆಯಲ್ಲಿ ಯಾರು ಯಾರಿಗೆ ಹೇಗೆ ಟೊಪ್ಪಿಗೆ ಹಾಕಿದರು ಎಂದು ನಾನು ಹೇಳುವುದು, ಆಕೆ ನಗುವುದು. ಮಷೀನ್ ಓಡುತ್ತಲೇ ಇರುತ್ತಿತ್ತು. ಜೋರಾಗಿ ನಗಬೇಕಾದರೆ ಅಷ್ಟು ಹೊತ್ತು ನಿಲ್ಲಿಸುತ್ತಿದ್ದಳು. ನಾನು ಅದು ನಿಲ್ಲುವಂಥ ಕತೆಗಳನ್ನು ಹುಡುಕಿ ಹೇಳುತ್ತಿದ್ದೆ. ಒಂದು ದಿನ ಆಕೆ, "ನೀವು ಟೊಪ್ಪಿಗಿ ಯಾವಾಗ್ಲೂ ಹಾಕ್ತೀರೇನ್ರಿ?" ಎಂದಳು. "ಬಿಸಲಾಗ ತಿರಗೂ ಮಂದಿ ನಾವು" ಅಂದೆ. ಆಕೆ ಹೌದೆಂದು ಮತ್ತೆ ಮಷೀನ್ ತುಳಿದಳು.

ಹುಬ್ಬಳ್ಳಿಗೆ ಹೋಗಿ ಕೂದಲಿನ ಡಾಕ್ಟರನ್ನು ಕಂಡದ್ದು ಅದಾದ ಮೇಲೆ. ನನ್ನ ಲೆಕ್ಕ ಸುಲಭವಿತ್ತು: ಮದುವೆಯ ಮೊದಲು ಕೂದಲು ಬರಿಸಿಬಿಟ್ಟರೆ ಹೇಳುವುದೇ ಬೇಕಿಲ್ಲ. ಡಾಕ್ಟರ್ ನನಗಿಂತ ಸಣ್ಣವರು, ತಾಳ್ಮೆಯವರು. ನನ್ನ ತಲೆ ಬಗ್ಗಿಸಿ ಹಿಂದಿನ ಕೂದಲನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದರು. ಎತ್ತಿನ ಹಲ್ಲು ನೋಡುವಾಗ ನಾನು ಹೀಗೇ ಬಾಯಿ ತೆರೆಸುತ್ತೇನಲ್ಲ ಅನ್ನಿಸಿ ನಾಚಿಕೆಯಾಯಿತು. ಹಿಂದಿನಿಂದ ಒಂದೊಂದೇ ಬೇರು ಕಿತ್ತು ಮುಂದೆ ನೆಡುತ್ತೇವೆ ಎಂದರು. ಮೆಣಸಿನಕಾಯಿ ಸಸಿಯನ್ನು ಮಡಿಯಿಂದ ಕಿತ್ತು ಹೊಲಕ್ಕೆ ಹಚ್ಚಿದ ಹಾಗೆ. ನಮ್ಮ ಕಡೆ ಸಸಿಗೆ ಅಗಿ ಅನ್ನುತ್ತೇವೆ.

"ಸತ್ತ ಅಗಿಗೆ ಬದಲಿ ಅಗಿ ಕೊಡ್ತೀರೇನ್ರಿ?" ಎಂದು ಕೇಳಿದೆ.

ಡಾಕ್ಟರ್ ನಕ್ಕರು. "ಹೆಚ್ಚು ಸಾಯಂಗಿಲ್ರಿ. ಆದ್ರ ಒಂದು ಮಾತು. ಹಚ್ಚಿದ ಕೂದ್ಲಾ ಮೊದಲ ಉದರ್ತಾವು. ಗಾಬ್ರಿ ಆಗಬ್ಯಾಡ್ರಿ, ಬೇರು ಒಳಗ ಇರ್ತೈತಿ. ಮತ್ತ ಬರ್ತಾವು. ನಾಕ ಮಂದಿಗೆ ತೋರಸೂ ಹಂಗ ಆಗಾಕ ವರ್ಷ ಹಿಡೀತೈತಿ."

"ಬ್ಯಾಸಗಿಗೆ ಮದವಿ ಐತ್ರಿ. ಅಷ್ಟರಾಗ ಮುಗಸ್ರಿ."

"ಗೊಬ್ಬರಾ ಹಾಕಿ ಲಗೂನ ಬೆಳಸಾಕ ಇದು ಹೊಲಾ ಅಲ್ರಿ ಅಣ್ಣಾರ."

"ರೊಕ್ಕಾ ಬೇಕಾದ್ರ ಇನ್ನೊಂದ್ಚೂರು ಹೆಚ್ಚ ಮಾಡ್ಕೋರಿ."

"ಕೂದಲಿಗೆ ರೊಕ್ಕಾ ತಿಳಿಯಂಗಿಲ್ರಿ," ಎಂದರು ಡಾಕ್ಟರ್.

ರೊಕ್ಕ ತಿಳಿಯದ ಒಂದು ವಸ್ತುವಿನ ಮುಂದೆ ನಾನು ಮೊದಲ ಸಲ ಕೂತಿದ್ದೆ. ಹೊರಗೆ ಬಂದು ಚಹಾದಂಗಡಿಯ ಮುಂದೆ ನಿಂತೇ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ. ಅವ್ವನ ಮೊಣಕಾಲು ನೋವು, ಈ ಬೇಸಿಗೆ ಆಗುವುದಿಲ್ಲ ಎಂದೆ. ಅವ್ವನ ಮೊಣಕಾಲು ನೋಯುವುದು ಸುಳ್ಳೇನಲ್ಲ. "ಹಂಗಾದ್ರ ಯಾವಾಗ್ರಿ?" ಎಂದರು. "ಇರ್ಲಿ ಬಿಡ್ರಿ ಮಾವಾರ, ಮುಂದ ನೋಡೋಣು" ಅಂದೆ. ನಾಲಿಗೆಯ ಮೇಲೆ ಎಷ್ಟೋ ವರ್ಷದಿಂದ ಕೂತ ಮಾತು, ತಾನೇ ಹೊರಬಿತ್ತು. ಅವರು, "ಆತು ಬಿಡ್ರಿ" ಎಂದರು.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂತು. ಅದು ಇಳಿಯದೆ ಸೂಜಿ ಮುಟ್ಟಿಸುವುದಿಲ್ಲ ಎಂದರು ಡಾಕ್ಟರ್. ಇಲ್ಲೊಂದು ಮಾತು ಹೇಳುತ್ತೇನೆ, ಫೋನ್ ಮಾಡಿದವರಿಗೆಲ್ಲ ಹೇಳುತ್ತೇನೆ: ಮೊದಲು ರಕ್ತ ತೋರಿಸಿ, ಆಮೇಲೆ ತಾರೀಖು ಹಿಡಿಯಿರಿ. ನಾನು ಉಲ್ಟಾ ಮಾಡಿದೆ. ಮಾವಿನಹಣ್ಣಿನ ಶೀಕರಣೆ ಬಿಟ್ಟೆ, ಸಂತೆಯ ಮಿರ್ಚಿ ಬಿಟ್ಟೆ, ಎಲೆಯಡಿಕೆ ತಂಬಾಕು ಬಿಟ್ಟೆ. ತಂಬಾಕಿಲ್ಲದೆ ವ್ಯವಹಾರ ಮಾಡುವುದು ಎಷ್ಟು ಕಷ್ಟವೆಂದು ಬಿಟ್ಟವರಿಗಷ್ಟೇ ಗೊತ್ತು. ಎದುರಿನವನು ಯೋಚಿಸುವಾಗ ನಾವು ಏನು ಮಾಡಬೇಕು? ಬೆಳಿಗ್ಗೆ ಎದ್ದು ಶಲವಡಿಯಿಂದ ರಸ್ತೆಗುಂಟ ನಡೆದು ಬರುತ್ತಿದ್ದೆ. ಎರೆಹೊಲದ ಕೆಸರು ಕಾಲಿಗೆ ಮೆತ್ತಿಕೊಂಡು ಚಪ್ಪಲಿ ಮಣೆಯಷ್ಟು ದೊಡ್ಡದಾಗುತ್ತಿತ್ತು. ಅವ್ವನಿಗೆ ಮಾತ್ರ ನಿಜ ಹೇಳಿದ್ದೆ. ಆಕೆ ನನ್ನನ್ನು ಯಮನೂರಿಗೆ ಕರೆದುಕೊಂಡು ಹೋಗಿ, ದರ್ಗಾದಲ್ಲಿ ಸಕ್ಕರೆ ಓದಿಸಿ, ಹಳ್ಳದ ನೀರನ್ನು ನನ್ನ ನೆತ್ತಿಗೆ ತಟ್ಟಿದಳು.

"ಆ ಹುಡುಗಿಗೆ ಹೇಳಿಬಿಡೋ ತಮ್ಮಾ," ಎಂದಳು ಅವ್ವ. "ಹೆಣ್ಮಕ್ಕಳು ಇಂಥಾದ್ದಕ್ಕೆಲ್ಲಾ ಅಂಜಂಗಿಲ್ಲ."

"ಗದಗಿನ ಹುಡುಗಿ ಅಂದದ್ದು ನಿನಗ ಗೊತ್ತಿಲ್ಲ ಬೇ."

"ಆಕಿ ಬ್ಯಾರೆ, ಈಕಿ ಬ್ಯಾರೆ."

ಬೇರೆ ಎಂದು ನನಗೂ ಗೊತ್ತಿತ್ತು. ಬೇರೆ ಎಂದೇ ಅಂಜಿಕೆ. ಗದಗಿನವಳು ಬೇಡವೆಂದರೆ ಬಸ್ಸು ಹತ್ತಿ ಬಂದೆ. ಇವಳು ಬೇಡವೆಂದರೆ ಯಾವ ಬಸ್ಸು ಹತ್ತಬೇಕು?

ಸಕ್ಕರೆ ಇಳಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಹುಡುಗಿಯ ಅಪ್ಪ ಮತ್ತೆ ಫೋನ್ ಮಾಡಿದರು. ಈ ಸಲ ಮನೆಯ ನೆಲಕ್ಕೆ ಫರಸಿ ಕಲ್ಲು ಹಾಕಿಸುವುದಿದೆ ಎಂದೆ. ಫರಸಿ ಹಾಕಿಸುವುದೂ ಇತ್ತು. "ನಮ್ಮ ಕಡಿಂದ ಏನರ ಕಮ್ಮಿ ಆಗೈತೇನ್ರಿ?" ಎಂದು ಕೇಳಿದರು. "ಛೇ, ಏನೂ ಇಲ್ರಿ. ಇರ್ಲಿ, ಮುಂದ ನೋಡೋಣು." ಮತ್ತದೇ ಮಾತು. ಆ ದಿನ ನಾನು ತಲೆಯೊಳಗೆ ಎಣಿಸುತ್ತಿದ್ದದ್ದು ಬೇರೆ: ಈಗ ನೆಟ್ಟರೆ ಯಾವಾಗ ಉದುರುತ್ತವೆ, ಯಾವಾಗ ಬರುತ್ತವೆ, ಬಾಸಿಂಗ ಕಟ್ಟುವಾಗ ಎಷ್ಟುದ್ದ ಇರುತ್ತವೆ ಎಂದು.

ಕೊನೆಗೆ ಸಕ್ಕರೆ ಇಳಿಯಿತು, ತಾರೀಖು ಸಿಕ್ಕಿತು. ಡಾಕ್ಟರ್ ನನ್ನ ಹಣೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಕೂದಲು ಎಲ್ಲಿಂದ ಶುರುವಾಗಬೇಕೆಂದು ಕನ್ನಡಿಯಲ್ಲಿ ತೋರಿಸಿದರು. ನಾನು ಇನ್ನೂ ಒಂದು ಬೆರಳು ಕೆಳಗೆ ಎಂದು ಜಗ್ಗಾಡಿದೆ. ಆ ಗೆರೆಯನ್ನು ಒರೆಸಿಕೊಳ್ಳದೆ, ಟೊಪ್ಪಿಗೆಯನ್ನು ಮುಂದಕ್ಕೆಳೆದು ಊರ ತನಕ ಬಂದೆ. ಬಾಜು ಯಾರೂ ಇಲ್ಲದಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ಎತ್ತಿ ಎತ್ತಿ ನೋಡಿಕೊಂಡೆ.

ಆ ವಾರದ ಸಂತೆಯಲ್ಲಿ ನನ್ನ ದೋಸ್ತ, ಗದಗಿನಲ್ಲಿ ಕೆಮ್ಮಿದವನೇ, ಬಂದು ಹೇಳಿದ. "ಲೇ, ನಿಮ್ಮ ಮಾವಾರು ಜೋಡಿ ಕೊಟ್ರಲ್ಲೋ. ರೋಣದ ಕಡಿಯಾಂವ ಹೊಡಕೊಂಡು ಹ್ವಾದ."

"ಯಾರ ಕೈಯಾಗ ಕೊಟ್ರಲೇ? ನನಗ ಹೇಳ್ಲಿಲ್ಲಲ್ಲ."

"ನಿನಗ ಗೊತ್ತಾಗಬಾರ್ದಂತ ಬ್ಯಾರೆ ದಲಾಲಿ ಹಿಡದಿದ್ರು. ಟ್ರ್ಯಾಕ್ಟರ್ ತಗೊಳ್ಳಾಕತ್ತಾರೇನೋ. ಅಳಿಯಾನ ಕೂಡ ಜಗ್ಗಾಡೂದು ಹೆಂಗಂತ ನಾಚಿರಬೇಕು."

ನನಗೂ ಹಾಗೇ ಅನ್ನಿಸಿತು. ಸಂತೋಷವೇ ಆಯಿತು. ಅಣ್ಣಿಗೇರಿಯಲ್ಲಿ ಒಂದು ಒಳ್ಳೆಯ ಹಳೆಯ ಟ್ರ್ಯಾಕ್ಟರ್ ನನ್ನ ಕಣ್ಣಲ್ಲಿತ್ತು. ಮದುವೆಯ ಮೊದಲು ಅದನ್ನು ಅವರ ಅಂಗಳಕ್ಕೆ ಬಿಟ್ಟುಬರಬೇಕು, ದಲಾಲಿಯ ಒಂದು ಪೈಸೆ ಮುಟ್ಟಬಾರದು ಎಂದುಕೊಂಡೆ. ಆ ದಿನ ಸಂಜೆ ಎಂದಿನಂತೆ ಆಕೆಗೆ ಫೋನ್ ಮಾಡಿದೆ. ಊಟವಾಯಿತೇ ಎಂದೆ. ಆಯಿತು ಎಂದಳು. ನನ್ನದಾಯಿತೇ ಎಂದು ಕೇಳಲಿಲ್ಲ. ಮಷೀನ್ ಕೆಲಸ ಬಹಳ ಇರಬೇಕೆಂದು ನಾನೇ ಫೋನ್ ಇಟ್ಟೆ.

ಆಪರೇಷನ್ನಿಗೆ ಇನ್ನೇನು ಒಂದೆರಡು ದಿನವಿದ್ದಾಗ ಹುಡುಗಿಯ ಅಪ್ಪ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ನಾನು ಚೀಲ ತುಂಬಿಕೊಳ್ಳುತ್ತಿದ್ದೆ: ಗುಂಡಿಯ ಅಂಗಿ, ಡಾಕ್ಟರ್ ಹೇಳಿದ ಶಾಂಪೂ, ಅಂಗಾತ ಮಲಗುವುದಕ್ಕೆ ಎರಡು ದಿಂಬು. ಅವ್ವ ನೀರು ಕೊಟ್ಟಳು. ಅವರು ಕುಡಿಯದೆ ತಂಬಿಗೆಯನ್ನು ಬಾಜು ಇಟ್ಟು, ಧೋತರದ ಸೊಂಟದಿಂದ ಒಂದು ಅರಿವೆಯ ಗಂಟು ತೆಗೆದು ಬಿಚ್ಚಿ ನನ್ನ ಮುಂದೆ ಸರಿಸಿದರು. ಬಂಗಾರದ ಬಳೆ.

"ಇದೇನ್ರಿ ಮಾವಾರ?"

"ತಗೋರಿ ಅಳಿಯಂದ್ರ. ನೀವು ಬಾಯಿ ಬಿಟ್ಟು ಕೇಳ್ಲಿಲ್ಲ, ದೊಡ್ಡ ಮನಸು. ಮುಂದ ನೋಡೋಣು ಅಂದ್ರಿ. ಮತ್ತೊಮ್ಮಿ ಅಂದ್ರಿ. ನಾನೂ ಸಂತಿಗೆ ತಿರಗಿದಾಂವ ಅದೀನ್ರಿ. ಹಂಗಂದ್ರ ಏನಂತ ತಿಳಕೊಳ್ಳದಷ್ಟು ದಡ್ಡ ಅಲ್ಲ."

ಅವ್ವ ಗೋಡೆ ಹಿಡಿದು ಕೂತಳು.

"ಎತ್ತು..." ಅಂದೆ.

"ಎತ್ತಿಂದೇನ್ರಿ. ಮಗಳ ಮುಂದ ಎತ್ತ ದೊಡ್ಡವ್ವೇನ್ರಿ? ಇಷ್ಟರಾಗ ಮುಗಸೂಣು. ಇನ್ನ ತಡಾ ಮಾಡಬ್ಯಾಡ್ರಿ, ಮಂದಿ ಕೇಳಾಕತ್ತಾರ."

ನಾನು ಟೊಪ್ಪಿಗೆ ತೆಗೆದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಅದರ ಹಿಂದೆಯೇ ಎಲ್ಲವನ್ನೂ ಹೇಳಿದೆ: ಡಾಕ್ಟರ್, ಸಕ್ಕರೆ, ವರ್ಷದ ಲೆಕ್ಕ. ಅವರು ನನ್ನ ತಲೆಯನ್ನೇ ನೋಡುತ್ತ ಕೇಳಿದರು. ತಮ್ಮ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಅವರದೂ ನನ್ನಂಥದ್ದೇ ತಲೆ. ಅಂಗೈಯಿಂದ ಒಮ್ಮೆ ಸವರಿಕೊಂಡು, "ಇದಕ್ಕ?" ಅಂದರು. ರುಮಾಲು ಮತ್ತೆ ಸುತ್ತಿಕೊಂಡು, "ಆಕಿ ಮುಂದ ನೀವ ಹೇಳ್ರಿ. ನನ್ನ ಕೈಲೆ ಆಗಂಗಿಲ್ಲ" ಎಂದರು. ಬಳೆಗಳನ್ನು ಮತ್ತೆ ಗಂಟು ಕಟ್ಟಿದರು. ಎರಡು ಸಲ ಕಟ್ಟಿದರೂ ಗಂಟು ಬೀಳಲಿಲ್ಲ. ಅವ್ವ ಹೋಗಿ ಕಟ್ಟಿಕೊಟ್ಟಳು.

ಮರುದಿನ ನಾನು ಅವರ ಊರಿಗೆ ಹೋದೆ. ಅಂಗಳದಲ್ಲಿ ಗ್ವಾದಲಿ ಖಾಲಿ ಇತ್ತು, ಎತ್ತಿಗೆ ಮೇವು ಹಾಕುವ ಆ ಕಟ್ಟೆಯಲ್ಲಿ ಒಣ ಕಣಿಕೆ ಹಾಗೇ ಬಿದ್ದಿತ್ತು. ಆಕೆ ಪಡಸಾಲೆಯಲ್ಲಿ ಮಷೀನಿನ ಮುಂದಿದ್ದಳು. ಅವರ ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಹೊರಗೆ ಹೋದರು. ಆಕೆಯ ಅವ್ವ ಒಳಗೆ ಪಾತ್ರೆಯ ಸಪ್ಪಳ ಮಾಡುತ್ತಿದ್ದಳು, ಕೇಳಿಸುವುದಿಲ್ಲವೆಂದು ನಮಗೆ ಗೊತ್ತಾಗಲೆಂದು.

"ಅಪ್ಪಗ ತಡಕೊಳ್ಳಾಕ ಆಗ್ಲಿಲ್ಲ, ರಾತ್ರೀನ ಹೇಳಿಬಿಟ್ರು," ಎಂದಳು ಆಕೆ. "ತಗೀರಿ, ನೋಡೂಣು."

ತೆಗೆದೆ. ಆಕೆ ನೋಡಿದಳು. ಅಳತೆ ತೆಗೆದುಕೊಳ್ಳುವವರು ನೋಡುವ ಹಾಗೆ, ಎಲ್ಲ ಕಡೆಯೂ. ನಗುತ್ತಾಳೆಂದುಕೊಂಡೆ. ನಕ್ಕಿದ್ದರೆ ಚೆನ್ನಾಗಿತ್ತು.

"ಇಷ್ಟೇನ್ರಿ?"

"ಇಷ್ಟ."

"ಟೊಪ್ಪಿಗಿ ಯಾಕ ಹಾಕ್ತೀರಂತ ಕೇಳಿದ್ನಲ್ರಿ ನಾನು. ಅವತ್ತ ಹೇಳಿದ್ರ ನಕ್ಕ ಬಿಡ್ತಿದ್ದೆ. ಒಂದ್ ನಾಕ ದಿನಾ ಕಾಡಸ್ತಿದ್ದೆ. ಅಷ್ಟ."

"ಈಗ ಕಾಡಸು."

ಆಕೆ ಹೊಲಿಯುತ್ತಿದ್ದ ಅರಿವೆಯ ಅಂಚನ್ನು ಮಡಿಚಿದಳು, ಬಿಚ್ಚಿದಳು.

"ಎತ್ತು ಕೊಟ್ಟ ದಿನಾ ಅಪ್ಪ ಗ್ವಾದ್ಲಿ ಮುಂದ ಕುಂತಬಿಟ್ಟಿದ್ರು. ಬರೇ ಹಗ್ಗಾ ಕೈಯಾಗ ಹಿಡ್ಕೊಂಡು. ಉಣ್ಣಾಕ ಕರದ್ರ ಬರ್ಲಿಲ್ಲ. ಅವ್ವಾನೂ ಉಣ್ಲಿಲ್ಲ, ನಾನೂ ಉಣ್ಲಿಲ್ಲ. ಆವಾಗ ನಿಮ್ಮ ಫೋನ್ ಬಂತು. ಊಟ ಆತೇನಂತ ಕೇಳಿದ್ರಿ."

ನಾನು ಟೊಪ್ಪಿಗೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡೆ.

"ಆತ್ರಿ ಅಂದೆ. ನನ್ನ ಮನಸಿನ್ಯಾಗ ಅಲ್ಲೇ ಮುಗೀತ್ರಿ."

"ನನಗ ಗೊತ್ತಿದ್ದಿಲ್ಲ."

"ನಿಮಗ ಗೊತ್ತಿದ್ದಿಲ್ಲಂತ ಈಗ ನನಗ ಗೊತ್ತಾತು. ನೀವು ಕೆಟ್ಟವ್ರಲ್ಲ. ರಾತ್ರಿ ಭಾಳ ವಿಚಾರ ಮಾಡಿದೆ. ಕೂದ್ಲಾ ಇಲ್ಲ ಅನ್ನೂದು ಒಂದ್ ಮಾತೇನು, ನಮ್ಮಪ್ಪನ ತಲಿ ನೋಡ್ಕೋತ ಬೆಳದಾಕಿ ನಾನು. ಆದ್ರ ನಿಮ್ಮನ್ನ ಮನಸಿನಿಂದ ತಗದಾಗ ಬ್ಯಾರೆ ಯಾರನ್ನೋ ತಗದಂಗ ತಗದೀನ್ರಿ. ಈಗ ಕರದ್ರ ಒಳಗ ಬರವಲ್ರಿ ನೀವು."

ದಂಧೆಯಲ್ಲಿ ನನಗೆ ಇಲ್ಲ ಎಂದವರು ಸಾವಿರ ಜನ. ಪ್ರತಿಯೊಂದು 'ಇಲ್ಲ'ದ ಕೆಳಗೂ ಒಂದು ಸಂದು ಇರುತ್ತದೆ, ಬೆರಳು ತೂರಿಸುವಷ್ಟು. ಅಲ್ಲಿ ಕೂತು ಹುಡುಕಿದೆ. ಆಕೆಯ ಮಾತಿನಲ್ಲಿ ಸಿಟ್ಟಿದ್ದರೆ ಸಂದು ಸಿಗುತ್ತಿತ್ತು. ಸಿಟ್ಟು ಇರಲಿಲ್ಲ.

"ಎತ್ತ ತರ್ತೇನಿ," ಎಂದೆ.

"ತರ್ರಿ. ಅಪ್ಪಗ ಬೇಕು. ನನಗಂತ ತರಬ್ಯಾಡ್ರಿ."

ಆದರೂ ನಾನು ಆಕೆಗಾಗಿಯೇ ಹೋದೆ. ಮುಚ್ಚಿಟ್ಟು ಏನು ಮಾಡಲಿ. ಆಪರೇಷನ್ ಇದ್ದ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುಬ್ಬಳ್ಳಿಯ ಬದಲು ರೋಣದ ಕಡೆ ಹೊರಟೆ. ಕೊಂಡವನ ಮನೆ ಹುಡುಕಿ, ಎತ್ತು ಕಟ್ಟಿದಲ್ಲಿಗೆ ಹೋದೆ. ನಡು ಹಣೆಯ ಸುಳಿ ದೂರದಿಂದಲೇ ಗುರುತು ಸಿಕ್ಕಿತು. ಸಿಕ್ಕಿದರೂ ಸಿಗದವನಂತೆ ಆಚೆ ಕಡೆಯ ಎಮ್ಮೆಯ ರೇಟು ಕೇಳಿದೆ. ದಂಧೆ ಮೈಯಲ್ಲಿದ್ದರೆ ಎದೆ ಒಡೆದ ದಿನವೂ ಬಿಡುವುದಿಲ್ಲ. ಎಡಗಡೆಯದು ಕಾಲೆಳೆಯುತ್ತದೆ ಎಂದೆ. ಅವನು ಇಲ್ಲವೆಂದ. ಈ ಜೋಡಿಗೆ ಮೇವು ಬಹಳ ಬೇಕು ಎಂದೆ. ಅವನು ಕೊಂಡದ್ದಕ್ಕಿಂತ ಬಹಳ ಮೇಲೆ ಹೇಳಿ ಕೂತ, ಇಳಿಯುವ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ನನಗೊಂದು ಫೋನ್ ಬಂತು. ಆಸ್ಪತ್ರೆಯ ಹುಡುಗಿ.

"ಸರ್, ಎಲ್ಲದೀರ್ರಿ? ಡಾಕ್ಟರ್ ಬಂದಾರ, ಎಲ್ಲಾ ತಯಾರೈತಿ. ನಾಷ್ಟಾ ಮಾಡಿದ್ರೇನ್ರಿ?"

ಎದುರಿನವನ ಕಿವಿ ನನ್ನ ಕಡೆಗೇ ಇತ್ತು.

"ನಿಮ್ಮದು ಬ್ಯಾಡ ಬಿಡ್ರಿ," ಎಂದೆ ನಾನು ಜೋರಾಗಿ. "ಇಲ್ಲೇ ಒಂದ್ ನೋಡಾಕತ್ತೇನಿ. ಇಲ್ಲಿ ಕುದುರಿದ್ರ ನಿಮ್ಮ ಕಡಿ ಬರಂಗಿಲ್ಲ."

"ಸರ್? ಬ್ಯಾರೆ ಆಸ್ಪತ್ರಿಗೆ ಹೋಗೀರೇನ್ರಿ? ಅಡ್ವಾನ್ಸ್ ವಾಪಸ್ ಬರಂಗಿಲ್ಲ ನೋಡ್ರಿ ಸರ್."

"ಹೋಗ್ಲಿ ಬಿಡ್ರಿ," ಎಂದು ಇಟ್ಟೆ.

ನನಗೆ ಬೇರೆ ಜೋಡಿ ಸಿಕ್ಕಿದೆ ಎಂದು ಅವನು ತಿಳಿದ, ಇಳಿದ. ಚೌಕಾಶಿಯಲ್ಲಿ ನಾನು ಅಷ್ಟು ಚಂದವಾಗಿ ಗೆದ್ದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಸಣ್ಣ ಗೂಡ್ಸ್ ಗಾಡಿಗೆ ಎತ್ತು ಹತ್ತಿಸಿ, ಹಿಂದೆ ಅವುಗಳ ಜೊತೆಗೇ ನಿಂತು ಬಂದೆ. ದಾರಿಯುದ್ದಕ್ಕೂ ಹುಚ್ಚು ಆಸೆಯೊಂದು ಎದ್ದು ಎದ್ದು ಕೂಡುತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಟ್ಟಿದೆವು. ಹುಡುಗಿಯ ಅಪ್ಪ ಓಡಿ ಬಂದು, ಇಳಿಸುವ ಮೊದಲೇ ಗಾಡಿಯೊಳಗೆ ಕೈ ಹಾಕಿ ಅವುಗಳ ಮುಖ ಮುಟ್ಟಿದರು. ಬಲಗಡೆಯದು ಅವರ ಮೊಣಕೈ ನೆಕ್ಕಿತು. ಆಕೆ ತಂಬಿಗೆ ತಂದು ಎತ್ತಿನ ಕಾಲಿಗೆ ನೀರು ಹಾಕಿದಳು, ಹಣೆಗೆ ಕುಂಕುಮ ಹಚ್ಚಿದಳು, ಊರಿಂದ ಬಂದ ಮಕ್ಕಳಿಗೆ ಮಾಡುವ ಹಾಗೆ. ನನಗೆ ಚಹಾ ತಂದಿಟ್ಟಳು. "ಬಿಸಿ ಐತಿ, ಸಾವಕಾಶ ಕುಡೀರಿ," ಎಂದಳು. ಕುಡಿಯುವ ತನಕ ಎದುರಿಗೇ ನಿಂತಿದ್ದಳು. ಕಪ್ಪು ಬಸಿ ತೆಗೆದುಕೊಂಡು ಒಳಗೆ ಹೋದಳು. ನಾನು ಕೂತೇ ಇದ್ದೆ. ಇನ್ನೇನು ಬರುತ್ತಾಳೆ, ಇನ್ನೇನು ಒಂದು ಮಾತು ಅನ್ನುತ್ತಾಳೆ ಎಂದು ಕೂತಿದ್ದೆ. ಗೂಡ್ಸ್ ಗಾಡಿಯವನು ಹಾರ್ನ್ ಹೊಡೆದ.

ಆಕೆಯ ಬದಲು ಅವಳ ಅಪ್ಪ ಹೊರಗೆ ಬಂದರು. ಕೈಯಲ್ಲಿ ಮಡಿಸಿದ ನೋಟುಗಳಿದ್ದವು.

"ಎತ್ತಿನ ರೊಕ್ಕಾ ಬಳಿ ಮುರಿಸಿ ಇದ ವಾರದಾಗ ಮುಟ್ಟಸ್ತೇನ್ರಿ," ಎಂದರು. ಆಮೇಲೆ ನೆಲ ನೋಡುತ್ತ, "ಇದು ನಿಮ್ಮ ದಲಾಲಿ. ತಗೋರಿ ದಲಾಲ್ರ."

ನಮ್ಮ ದಂಧೆಯಲ್ಲಿ ಬೀಗರ ಮನೆಯವರು ದಲಾಲಿ ಕೊಡುವುದಿಲ್ಲ, ನಾವು ತೆಗೆದುಕೊಳ್ಳುವುದೂ ಇಲ್ಲ. ಕೊಟ್ಟರೆ ಸಂಬಂಧ ಹರಿದ ಹಾಗೆ. ಸಂತೆಗೆ ತಿರುಗಿದ ಅವರಿಗೆ ಅದು ಗೊತ್ತು. ಅದಕ್ಕೇ ಮುಖ ಎತ್ತದೆ ಕೈ ಮಾತ್ರ ಮುಂದೆ ಮಾಡಿ ನಿಂತಿದ್ದರು. ಒಳಗೆ ಆಕೆಯೂ ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಒಂದು ಪಾತ್ರೆಯ ಸಪ್ಪಳವೂ ಇರಲಿಲ್ಲ. ತೆಗೆದುಕೊಳ್ಳದೆ ನಿಂತಿದ್ದರೆ ಇನ್ನೂ ಅಳಿಯನೇ ಎಂದು ನಾನು ಹಟ ಹಿಡಿದಂತೆ. ಆದರೆ ದಲಾಲಿ ಮುಟ್ಟದೆ ವ್ಯವಹಾರ ಮುಗಿಯುವುದಿಲ್ಲ. ಎತ್ತು ಅವರ ಅಂಗಳದಲ್ಲಿ ನಿಂತರೂ ಅರ್ಧ ನನ್ನವೇ ಎಂದು ಅವರಿಗೆ ಅನ್ನಿಸುತ್ತಿತ್ತು, ಮೇವು ಹಾಕುವಾಗೆಲ್ಲ ಅನ್ನಿಸುತ್ತಿತ್ತು.

ಕೈ ಒಡ್ಡಿದೆ.

"ಎಣಿಸ್ಕೋರಿ," ಎಂದರು ಅವರು.

"ಬರೋಬ್ಬರಿ ಇರ್ತಾವ್ರಿ," ಎಂದೆ.